ಬೆಝಿಯೆಯಲ್ಲಿ ಉಳಿದು ಲಾಂಗ್‌ದಾಕ್‌ನ ವೈನ್ ನಾಡು ಸುತ್ತುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಝಿಯೆ ಎಲ್ಲಿದೆ? ಉಳಿಯಲು ಇದೇ ಊರು ಏಕೆ?

ದಕ್ಷಿಣ ಫ್ರಾನ್ಸಿನ ಲಾಂಗ್‌ದಾಕ್ ಪ್ರದೇಶದಲ್ಲಿ, ಮೊಂಪೆಲಿಯೆ ಮತ್ತು ನಾರ್ಬೋನ್ ನಗರಗಳ ನಡುವೆ, ಓರ್ಬ್ ನದಿಯ ದಂಡೆಯ ಎತ್ತರದ ದಿಬ್ಬದ ಮೇಲೆ ಬೆಝಿಯೆ ಇದೆ. ಮೆಡಿಟರೇನಿಯನ್ ಸಮುದ್ರ ಇಲ್ಲಿಂದ ಸುಮಾರು 15 ಕಿಲೋಮೀಟರ್. ಊರಿನ ಬುಡದಲ್ಲೇ ಹದಿನೇಳನೆಯ ಶತಮಾನದ ಕಾಲುವೆ ಕನಾಲ್ ದ್ಯು ಮಿದಿ ಹರಿಯುತ್ತದೆ. ಊರು ದಾಟಿದರೆ ಯಾವ ದಿಕ್ಕಿಗೆ ಹೊರಳಿದರೂ ದ್ರಾಕ್ಷಿ ತೋಟ.

ವೈನ್ ಪ್ರವಾಸ ಎಂದ ಕೂಡಲೇ ಜನ ಬೋರ್ದೋ, ಬರ್ಗಂಡಿ ಎನ್ನುತ್ತಾರೆ. ಅವು ದೊಡ್ಡ ಹೆಸರುಗಳೇ. ಆದರೆ ವೈನ್ ಎಂದರೆ ಬೆಲೆಬಾಳುವ ಬಾಟಲಿ ಮಾತ್ರವಲ್ಲ, ಅದು ರೈತನ ಬೆಳೆ, ಕೂಲಿ, ಸಾಲ, ಸಾಗಣೆ ಮತ್ತು ಹೋರಾಟ ಎಂಬುದನ್ನು ಕಣ್ಣಾರೆ ಕಾಣಬೇಕೆಂದರೆ ನಾನು ತೋರಿಸುವುದು ಬೆಝಿಯೆಯನ್ನು. ಕೋಣೆಯ ಬಾಡಿಗೆಯೂ ಆ ಹೆಸರಾಂತ ಊರುಗಳಿಗಿಂತ ಸಾಮಾನ್ಯವಾಗಿ ಕಡಿಮೆ. ಒಂದೇ ಕಡೆ ಪೆಟ್ಟಿಗೆ ಇಳಿಸಿ, ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರದಲ್ಲಿ ನಾಲ್ಕೈದು ಬೇರೆ ಬೇರೆ ಬಗೆಯ ವೈನ್ ಸೀಮೆಗಳಿವೆ.

ಕಾಲುವೆಗೂ ವೈನಿಗೂ ಏನು ಸಂಬಂಧ?

ಈ ಪ್ರಶ್ನೆಗೆ ಉತ್ತರ ತಿಳಿದು ಹೋದರೆ ಊರು ಬೇರೆಯೇ ರೀತಿ ಕಾಣುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಕಾಲುವೆಯನ್ನು ಕಟ್ಟಿಸಿದ ಪಿಯೆರ್-ಪೋಲ್ ರಿಕೆ ಹುಟ್ಟಿದ್ದು ಬೆಝಿಯೆಯಲ್ಲೇ. ಅವನು ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುವ ಗುತ್ತಿಗೆದಾರ. ಸ್ಪೇನನ್ನು ಸುತ್ತಿ ಬರುವ ಸಮುದ್ರಯಾನವನ್ನು ತಪ್ಪಿಸಿ, ಮೆಡಿಟರೇನಿಯನ್ ಕಡೆಯಿಂದ ತುಲೂಸ್‌ವರೆಗೆ ಕಾಲುವೆ ತೋಡಿದರೆ, ಅಲ್ಲಿಂದ ಗರೋನ್ ನದಿಯ ಮೂಲಕ ಅಟ್ಲಾಂಟಿಕ್ ತಲುಪಬಹುದು ಎಂಬುದು ಅವನ ಲೆಕ್ಕ. 1666ರಲ್ಲಿ ದೊರೆ ಹದಿನಾಲ್ಕನೆಯ ಲೂಯಿಯ ಆಜ್ಞೆ ಹೊರಟಿತು. ಎತ್ತರದ ನೆಲದಲ್ಲಿ ಕಾಲುವೆಗೆ ನೀರು ಎಲ್ಲಿಂದ ತರುವುದು ಎಂಬುದೇ ಅಲ್ಲಿಯವರೆಗೆ ಎಲ್ಲರನ್ನೂ ತಡೆದಿದ್ದ ತೊಡಕು. ಕಪ್ಪುಬೆಟ್ಟಗಳ ಹಳ್ಳಗಳ ನೀರನ್ನು ಸೆಂ-ಫೆರಿಯೋಲ್ ಎಂಬಲ್ಲಿ ಅಣೆಕಟ್ಟು ಕಟ್ಟಿ ಕೂಡಿಟ್ಟು, ನೀರು ಎರಡು ಕಡೆಗೂ ಇಳಿಯುವ ನೋರೂಝ್ ದಿಣ್ಣೆಗೆ ಹರಿಸಿ ರಿಕೆ ಆ ತೊಡಕನ್ನು ಬಿಡಿಸಿದ. ಕೆಲಸ ಜೋರಾಗಿದ್ದಾಗ ಸುಮಾರು ಹನ್ನೆರಡು ಸಾವಿರ ಜನ ದುಡಿದರು, ಅವರಲ್ಲಿ ಹೆಂಗಸರೂ ಇದ್ದರು. ತನ್ನ ಸ್ವಂತ ಆಸ್ತಿಯನ್ನೂ ಇದಕ್ಕೆ ಸುರಿದ ರಿಕೆ, 1681ರಲ್ಲಿ ಕಾಲುವೆ ತೆರೆಯುವುದಕ್ಕೆ ಕೆಲವೇ ತಿಂಗಳ ಮುಂಚೆ, 1680ರ ಅಕ್ಟೋಬರಿನಲ್ಲಿ ತೀರಿಕೊಂಡ. 240 ಕಿಲೋಮೀಟರ್ ಉದ್ದದ ಈ ಕಾಲುವೆ 1996ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ದೋಣಿಗಳಲ್ಲಿ ಗೋಧಿ ಹೋಯಿತು, ವೈನ್ ಹೋಯಿತು, ವೈನನ್ನು ಬಟ್ಟಿ ಇಳಿಸಿದ ಬ್ರಾಂಡಿ ಹೋಯಿತು. ಬೋರ್ದೋ ವ್ಯಾಪಾರಿಗಳು ತಮ್ಮ ಬಂದರಿನಲ್ಲಿ ಒಳನಾಡಿನ ವೈನಿಗೆ ನೂರಾರು ನಿರ್ಬಂಧ ಹೇರಿದ್ದ ಕಾಲವದು. ಹಾಗಾಗಿ ಬೆಝಿಯೆ ಸೀಮೆಯ ಬ್ರಾಂಡಿ ಸೆತ್ ಬಂದರಿನ ದಾರಿ ಹಿಡಿದು ಉತ್ತರ ಯುರೋಪಿಗೆ ಹೊರಟಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಲು ಬಂದ ಮೇಲೆ ಪ್ಯಾರಿಸಿನ ಕಾರ್ಮಿಕರಿಗೆ ಅಗ್ಗದ ಕೆಂಪು ವೈನ್ ಒದಗಿಸುವುದೇ ಈ ಬಯಲಿನ ಉದ್ಯಮವಾಯಿತು. ಊರಿನೊಳಗಿನ ಅಗಲ ಬೀದಿಗಳು ಮತ್ತು ಕಲ್ಲಿನ ಭವ್ಯ ಮನೆಗಳು ಆ ಹಣದಿಂದ ಎದ್ದವು.

ಊರಿನಲ್ಲಿ ಅಲ್ಲಲ್ಲಿ ಕಾಣುವ 1907 ಎಂಬ ಇಸವಿಯ ಕಥೆ ಏನು?

ಆ ಸಮೃದ್ಧಿ ಕುಸಿದ ವರ್ಷ ಅದು. ಫಿಲೋಕ್ಸೆರಾ ಎಂಬ ಬೇರು ತಿನ್ನುವ ಕೀಟ ಫ್ರಾನ್ಸಿನ ತೋಟಗಳನ್ನು ನುಂಗಿತ್ತು. ರೈತರು ಸಾಲ ಮಾಡಿ ಮತ್ತೆ ಬಳ್ಳಿ ನೆಟ್ಟರು. ಇಳುವರಿ ಬರುವ ಹೊತ್ತಿಗೆ ಮಾರುಕಟ್ಟೆಯಲ್ಲಿ ಸಕ್ಕರೆ ನೀರು ಬೆರೆಸಿದ ಕಲಬೆರಕೆ ವೈನ್ ತುಂಬಿ, ಬೆಲೆ ನೆಲಕಚ್ಚಿತು. ಆರ್ಜೆಲಿಯೆ ಹಳ್ಳಿಯ ಕೆಫೆ ಮಾಲೀಕ ಮಾರ್ಸ್‌ಲಾಂ ಆಲ್ಬೇರ್ ಮುಂದಾಳತ್ವದಲ್ಲಿ ಭಾನುವಾರ ಭಾನುವಾರ ರೈತರ ಸಭೆಗಳು ಬೆಳೆಯುತ್ತ ಹೋದವು. ಮೇ 12ರಂದು ಬೆಝಿಯೆ ತುಂಬಿ ಹರಿಯಿತು. ಪ್ರಧಾನಿ ಕ್ಲೆಮಾಂಸೋ ಸೈನ್ಯ ಕಳುಹಿಸಿದ. ಜೂನ್‌ನಲ್ಲಿ ನಾರ್ಬೋನ್‌ನಲ್ಲಿ ಗುಂಡು ಹಾರಿ ಜನ ಸತ್ತರು. ಸುದ್ದಿ ಕೇಳಿದ ಹದಿನೇಳನೆಯ ಪದಾತಿ ದಳದ ಸೈನಿಕರು ದಂಗೆ ಎದ್ದು ಆಗ್ದ್ ಊರಿನಿಂದ ರಾತ್ರಿಯಿಡೀ ನಡೆದು ಬೆಝಿಯೆಗೆ ಬಂದರು. ಅವರಲ್ಲಿ ಬಹಳ ಮಂದಿ ಇದೇ ಸೀಮೆಯ ರೈತರ ಮಕ್ಕಳು. ಊರ ನಡುವಿನ ಆಲೆ ಪೋಲ್ ರಿಕೆ ಎಂಬ ಮರಗಳ ಸಾಲಿನ ವಿಶಾಲ ಬೀದಿಯಲ್ಲಿ ಅವರು ಬೀಡುಬಿಟ್ಟರು, ಊರಿನವರು ಊಟ ತಂದುಕೊಟ್ಟರು. ಜೂನ್ 29ರಂದು ಕಲಬೆರಕೆಯ ವಿರುದ್ಧ ಕಾನೂನು ಬಂದಿತು.

ಇಂದು ಆ ಬೀದಿಯಲ್ಲಿ ಶುಕ್ರವಾರ ಹೂವಿನ ಸಂತೆ ನೆರೆಯುತ್ತದೆ. ನಡುವೆ ರಿಕೆಯ ಪ್ರತಿಮೆ ನಿಂತಿದೆ. ಪ್ರವಾಸದ ಮೊದಲ ಸಂಜೆಯನ್ನು ಅಲ್ಲೇ ಕಳೆಯಿರಿ.

ತಲುಪುವುದು ಹೇಗೆ?

ಪ್ಯಾರಿಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ನಾಲ್ಕೂವರೆ ಗಂಟೆಯ ಆಸುಪಾಸು. ಬಾರ್ಸಿಲೋನಾ ಕಡೆಯಿಂದ ಬರುವವರು ನಾರ್ಬೋನ್‌ನಲ್ಲಿ ರೈಲು ಬದಲಿಸಬಹುದು. ಟಿಕೆಟ್ ಮುಂಚೆ ಕೊಂಡಷ್ಟೂ ಅಗ್ಗ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ಬೇಸಿಗೆಯ ಪ್ರಯಾಣವಾದರೆ ತಡಮಾಡಬೇಡಿ.

ಊರಿನ ಯಾವ ಭಾಗದಲ್ಲಿ ಕೋಣೆ ಹಿಡಿಯಬೇಕು?

ರೈಲು ನಿಲ್ದಾಣದ ಎದುರಿಗೇ ಪ್ಲಾತೋ ದೆ ಪೊಯೆತ್ ಎಂಬ ಉದ್ಯಾನವಿದೆ. ಅದರ ಇಳಿಜಾರನ್ನು ಹತ್ತಿದರೆ ನೇರವಾಗಿ ಆಲೆ ಪೋಲ್ ರಿಕೆ. ಆ ಬೀದಿಗೂ ಸೆಂ-ನಝೇರ್ ಕೆಥೆಡ್ರಲ್‌ಗೂ ನಡುವಿನ ಹಳೆಯ ಓಣಿಗಳಲ್ಲಿ ಕೋಣೆ ಸಿಕ್ಕರೆ ಮಾರುಕಟ್ಟೆ, ಊಟ, ನಿಲ್ದಾಣ ಎಲ್ಲಕ್ಕೂ ನಡೆದೇ ಹೋಗಬಹುದು. ಓಣಿಗಳು ಕಿರಿದು, ಕಾರು ನಿಲ್ಲಿಸಲು ಜಾಗ ಕಷ್ಟ. ಸ್ವಂತ ಕಾರಿನಲ್ಲಿ ಬರುವವರು ಹೊರವಲಯದಲ್ಲಿ, ಅಥವಾ ಕಾಲುವೆ ದಂಡೆಯ ಕೊಲೊಂಬಿಯೆಯಂತಹ ಹಳ್ಳಿಯಲ್ಲಿ ಉಳಿದರೆ ಸುಖ. ಊರಿನ ಕೆಲವು ಮನೆಗಳು ಹಾಳುಬಿದ್ದಿವೆ, ಕೆಲವು ಬೀದಿಗಳಲ್ಲಿ ಅಂಗಡಿಗಳು ಮುಚ್ಚಿವೆ. ಚಿತ್ರದಲ್ಲಿ ಕಾಣುವ ಒಪ್ಪ ಓರಣದ ಪ್ರವಾಸಿ ಪಟ್ಟಣ ಇದಲ್ಲ. ಜನ ನಿಜವಾಗಿ ಬದುಕುವ ಊರು ಎಂಬುದೇ ನನಗೆ ಇದರ ದೊಡ್ಡ ಆಕರ್ಷಣೆ.

ಕೆಥೆಡ್ರಲ್ ಮುಂದಿನ ಜಗಲಿಯಿಂದ ಓರ್ಬ್ ನದಿ, ಹಳೆಯ ಸೇತುವೆ, ಆಚೆಯ ದ್ರಾಕ್ಷಿ ಬಯಲು ಒಟ್ಟಿಗೆ ಕಾಣುತ್ತವೆ. 1209ರ ಜುಲೈ 22ರಂದು ಕ್ಯಾಥಲಿಕ್ ಚರ್ಚ್ ಒಪ್ಪದ ಕಥಾರ್ ಎಂಬ ಕ್ರೈಸ್ತ ಪಂಥದವರ ಮೇಲೆ ಸಾರಿದ ಧರ್ಮಯುದ್ಧದ ಸೈನ್ಯ ಇದೇ ಊರನ್ನು ಕೊಳ್ಳೆ ಹೊಡೆದು, ಪಂಥ ನೋಡದೆ ಜನರನ್ನು ಕೊಂದು, ಬೆಂಕಿಯಿಟ್ಟಿತು. ಈಗ ನಿಂತಿರುವ ಕೆಥೆಡ್ರಲ್ ಆ ಬೆಂಕಿಯ ನಂತರ ಮತ್ತೆ ಕಟ್ಟಿದ್ದು.

ಫೋನ್ಸೆರಾನ್ ಲಾಕ್‌ಗಳು ಅಂದರೆ ಏನು? ನೋಡಲು ಯಾವ ಹೊತ್ತು ಒಳ್ಳೆಯದು?

ಎತ್ತರ ಬದಲಾಗುವ ಕಡೆ ದೋಣಿಯನ್ನು ಏರಿಸಲು ಇಳಿಸಲು ಕಟ್ಟಿದ, ಎರಡು ಕಡೆ ಬಾಗಿಲುಳ್ಳ ನೀರಿನ ಕೋಣೆಯೇ ಲಾಕ್. ಬೆಝಿಯೆಯ ಅಂಚಿನಲ್ಲಿ, ಕನಾಲ್ ದ್ಯು ಮಿದಿಯ ಮೇಲಿರುವ ಫೋನ್ಸೆರಾನ್‌ನಲ್ಲಿ ಇಂತಹ ಎಂಟು ಕೋಣೆಗಳನ್ನು ಒಂದರ ಮೇಲೊಂದು ಮೆಟ್ಟಿಲಿನಂತೆ ಜೋಡಿಸಿ, ಒಂಬತ್ತು ಬಾಗಿಲುಗಳ ಸಾಲು ಮಾಡಿದ್ದಾರೆ. ಸುಮಾರು 300 ಮೀಟರ್ ದೂರದಲ್ಲಿ 21 ಮೀಟರಿಗೂ ಹೆಚ್ಚು ಎತ್ತರ. ಕೋಣೆಗಳ ಗೋಡೆ ಅಂಡಾಕಾರವಾಗಿ ಹೊರಕ್ಕೆ ಬಾಗಿರುವುದನ್ನು ಗಮನಿಸಿ. ಹಿಂದಿನ ಮಣ್ಣಿನ ಒತ್ತಡವನ್ನು ಕಮಾನಿನಂತೆ ತಡೆಯುವ ಉಪಾಯ ಅದು.

ಮೊದಲು ದೋಣಿಗಳು ಇಲ್ಲಿಂದ ಓರ್ಬ್ ನದಿಗೇ ಇಳಿದು ದಾಟಬೇಕಿತ್ತು. ಪ್ರವಾಹ ಬಂದರೆ ದಿನಗಟ್ಟಲೆ ಕಾಯುವುದು, ನೀರು ಬತ್ತಿದರೆ ಸಿಕ್ಕಿಕೊಳ್ಳುವುದು. 1858ರಲ್ಲಿ ನದಿಯ ಮೇಲೆ ಕಾಲುವೆಯನ್ನೇ ಹೊತ್ತ ಕಲ್ಲಿನ ಸೇತುವೆ ಕಟ್ಟಿದ ಮೇಲೆ ಆ ಕಷ್ಟ ತಪ್ಪಿತು. ಆ ಸೇತುವೆಯ ಮೇಲೆ ನಡೆಯಿರಿ. ಕೆಳಗೆ ನದಿ, ಪಕ್ಕದಲ್ಲಿ ತೇಲುವ ದೋಣಿ, ಎದುರಿಗೆ ದಿಬ್ಬದ ಮೇಲಿನ ಕೆಥೆಡ್ರಲ್: ಈ ಊರಿನಲ್ಲಿ ಒಂದೇ ನೋಟ ನೋಡಲು ಸಮಯವಿದ್ದರೆ ಇದನ್ನೇ ನೋಡಿ.

ನಡೆದು ಬಂದವರಿಗೆ ಲಾಕ್‌ಗಳನ್ನು ನೋಡಲು ಟಿಕೆಟ್ ಇಲ್ಲ. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ, ಆದರೆ ದೋಣಿ ಏರುವುದನ್ನು ನೋಡಬೇಕೆಂದರೆ ಲಾಕ್ ಕೆಲಸ ಮಾಡುವ ಹೊತ್ತು ತಿಳಿದುಕೊಂಡು ಹೋಗಬೇಕು. ಮಧ್ಯಾಹ್ನ ಊಟದ ವೇಳೆಗೆ ನಿಲ್ಲಿಸುತ್ತಾರೆ.

ಯಾವ ತಿಂಗಳು ಹೋಗುವುದು ಒಳ್ಳೆಯದು?

ಮೇ, ಜೂನ್ ಮತ್ತು ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುವುದುಂಟು. ಕಾಡ್ಗಿಚ್ಚಿನ ಭಯದಿಂದ ಬೆಟ್ಟದ ಕೆಲವು ಹಾದಿಗಳನ್ನು ಮುಚ್ಚುವುದೂ ಉಂಟು. ಆಗಸ್ಟ್ ನಡುವಿನಲ್ಲಿ ಗೂಳಿಕಾಳಗವೂ ಸೇರಿದ ಫೆರಿಯಾ ಹಬ್ಬ ನಡೆಯುತ್ತದೆ. ಆ ಗದ್ದಲ ಬೇಡವಾದವರು ಆ ವಾರ ಬಿಟ್ಟು ಬನ್ನಿ.

ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಕೊಯ್ಲು. ನೋಡಲು ಅದ್ಭುತವಾದ ಕಾಲ, ಆದರೆ ಸಣ್ಣ ತೋಟಗಳ ಮನೆಮಂದಿ ನಿಮ್ಮೊಡನೆ ಗಂಟೆಗಟ್ಟಲೆ ಮಾತನಾಡುವ ಸ್ಥಿತಿಯಲ್ಲಿರುವುದಿಲ್ಲ. ಶರತ್ಕಾಲದಲ್ಲಿ ಒಮ್ಮೊಮ್ಮೆ ಒಂದೇ ದಿನದಲ್ಲಿ ಭಯಂಕರ ಮಳೆ ಸುರಿದು ಹಳ್ಳಗಳು ಉಕ್ಕುತ್ತವೆ. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಬೆಟ್ಟದ ರಸ್ತೆಗೆ ಇಳಿಯಬೇಡಿ.

ಸುತ್ತಮುತ್ತ ಯಾವ ವೈನ್ ಸೀಮೆಗಳಿವೆ? ಎಲ್ಲಿಂದ ಶುರು ಮಾಡಲಿ?

ಫೋಜೇರ್‌ನಿಂದ ಶುರು ಮಾಡಿ. ಊರಿನ ಉತ್ತರಕ್ಕೆ ಸುಮಾರು 25 ಕಿಲೋಮೀಟರ್. ಇಲ್ಲಿನ ನೆಲವೆಲ್ಲ ಶಿಸ್ಟ್ ಎಂಬ ಪದರಗಲ್ಲು. ಕಲ್ಲು ಸೀಳಿದ ಸಂದುಗಳಲ್ಲಿ ಬೇರು ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಸಿರಾ, ಗ್ರೆನಾಶ್, ಮೂರ್ವೆದ್ರ್, ಕಾರಿನ್ಯಾನ್, ಸ್ಯಾಂಸೋ ತಳಿಗಳನ್ನು ಬೆರೆಸಿ ಮಾಡುವ ಕೆಂಪು ವೈನ್ ಇಲ್ಲಿಯ ಮುಖ್ಯ ಉತ್ಪನ್ನ. ಹಳ್ಳಿಯ ಮೇಲಿನ ಗುಡ್ಡದಲ್ಲಿ ಮೂರು ಗಾಳಿಗಿರಣಿಗಳಿವೆ. ಅಲ್ಲಿಗೆ ಹತ್ತಿ ನಿಂತರೆ ಬೆಟ್ಟದ ಸೀಮೆ ಮುಗಿದು ಬಯಲು ಶುರುವಾಗುವ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಬಗೆಯ ಕಲ್ಲಿನ ಸಣ್ಣ ಸೀಮೆಯಾದ್ದರಿಂದ ನಾಲಿಗೆಗೆ ಪಾಠ ಆರಂಭಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮರುದಿನ ಪಕ್ಕದ ಸೆಂ-ಶಿನಿಯಾಂಗೆ ಹೋಗಿ. ಇದರ ಉತ್ತರ ಭಾಗ ಪದರಗಲ್ಲು, ದಕ್ಷಿಣ ಭಾಗ ಸುಣ್ಣಕಲ್ಲು ಬೆರೆತ ಜೇಡಿಮಣ್ಣು. ಉತ್ತರದ ಬೆರ್ಲೂ ಅಥವಾ ರೊಕ್‌ಬ್ರಂ ಹಳ್ಳಿಯಲ್ಲಿ ಒಂದು, ದಕ್ಷಿಣದಲ್ಲಿ ಒಂದು ವೈನರಿ ನೋಡಿ, ಅದೇ ತಳಿಗಳ ವೈನ್ ಹೇಗೆ ಬೇರೆಯಾಗುತ್ತದೆ ಎಂದು ಹೋಲಿಸಿ. ಮಣ್ಣು ರುಚಿಯನ್ನು ಬದಲಿಸುತ್ತದೆ ಎಂಬ ಮಾತನ್ನು ಇಲ್ಲಿ ಯಾರ ವಿವರಣೆಯೂ ಇಲ್ಲದೆ ನಂಬಬಹುದು. ಫೋಜೇರ್ ಮತ್ತು ಸೆಂ-ಶಿನಿಯಾಂ ಎರಡಕ್ಕೂ ಎಒಸಿ, ಅಂದರೆ ಸೀಮೆಯ ಹೆಸರಿನಲ್ಲಿ ವೈನ್ ಮಾರಲು ಬೇಕಾದ ಅಧಿಕೃತ ಮಾನ್ಯತೆ, ಸಿಕ್ಕಿದ್ದು 1982ರಲ್ಲಿ. ಓರ್ಬ್ ನದಿಯ ತಿರುವಿನಲ್ಲಿರುವ ರೊಕ್‌ಬ್ರಂ ಎಷ್ಟು ಬೆಚ್ಚಗಿನ ಜಾಗವೆಂದರೆ ಅಲ್ಲಿ ಮಿಮೋಸಾ ಗಿಡಗಳು ಹೂಬಿಡುತ್ತವೆ.

ಸಮುದ್ರದ ಕಡೆಗೆ ಪಿಕ್‌ಪೂಲ್ ದ ಪಿನೆ. ಬಿಳಿ ವೈನ್ ಮಾತ್ರ, ಹುಳಿಯ ಚುರುಕು ಇರುವಂಥದ್ದು. ತೋ ಎಂಬ ಉಪ್ಪುನೀರಿನ ಕೊಳದಲ್ಲಿ ಬೆಳೆಸುವ ಸಿಂಪಿಗಳೊಡನೆ ಇದನ್ನು ಕುಡಿಯುವುದು ಅಲ್ಲಿನ ವಾಡಿಕೆ. ಕನಾಲ್ ದ್ಯು ಮಿದಿ ಕೊನೆಗೆ ಸೇರುವುದೂ ಇದೇ ಕೊಳವನ್ನು. ದಂಡೆಯ ಮಾರ್ಸೆಯಾಂ ಊರಿನಲ್ಲಿ ನುವಾಯಿ ಪ್ರಾ ಎಂಬ ವರ್ಮೂತ್ (ಗಿಡಮೂಲಿಕೆ ಬೆರೆಸಿದ ವೈನ್) ತಯಾರಾಗುತ್ತದೆ. ಮರದ ಪೀಪಾಯಿಗಳನ್ನು ವರ್ಷವಿಡೀ ಬಯಲಲ್ಲಿ, ಬಿಸಿಲು ಗಾಳಿಗೆ ಒಡ್ಡಿ ಇಡುತ್ತಾರೆ. ಆ ಅಂಗಳವನ್ನು ನೋಡಬೇಕಾದ್ದೇ.

ಪಶ್ಚಿಮಕ್ಕೆ ಮಿನರ್ವುವಾ ಸೀಮೆ ಇನ್ನೂ ದೂರ, ಅದಕ್ಕೆ ಇಡೀ ದಿನ ಮೀಸಲಿಡಿ. ಕಣಿವೆಗಳ ನಡುವೆ ಬಂಡೆಯ ಮೇಲೆ ನಿಂತ ಮಿನರ್ವ್ ಹಳ್ಳಿಯನ್ನು ನೋಡಿ, ಸೆಂ-ಜಾಂ-ದ-ಮಿನರ್ವುವಾದ ಸಿಹಿ ಮಸ್ಕಟ್ ವೈನಿನ ರುಚಿ ನೋಡಿ ಬನ್ನಿ.

ಒಂದು ಸಣ್ಣ ಜಾಗವನ್ನು ನೋಡದೆ ಬಿಡಬೇಡಿ: ಬೆಝಿಯೆಯ ಪಕ್ಕದ ಮರೊಸಾಂ ಹಳ್ಳಿ. 1901ರಲ್ಲಿ ಇಲ್ಲಿನ ಸಣ್ಣ ರೈತರು ಕೂಡಿ ಕಟ್ಟಿದ ಸಂಘವನ್ನು ಫ್ರಾನ್ಸಿನ ಮೊದಲ ವೈನ್ ಸಹಕಾರ ಸಂಘವೆಂದು ಎಣಿಸುತ್ತಾರೆ. ಸಮಾಜವಾದಿ ನಾಯಕ ಜಾಂ ಜೋರೆಸ್ 1905ರಲ್ಲಿ ಇದನ್ನು ನೋಡಲು ಬಂದಿದ್ದರು.

ಕಾರು ಇಲ್ಲದೆ ಸಾಧ್ಯವೇ?

ಅರ್ಧ ಸಾಧ್ಯ. ಆಗ್ದ್, ಸೆತ್, ನಾರ್ಬೋನ್‌ಗೆ ರೈಲುಗಳಿವೆ. ಸೆಂ-ಶಿನಿಯಾಂ, ಪೆಝೆನಾಸ್ ಊರುಗಳಿಗೆ ಪ್ರಾಂತೀಯ ಬಸ್ ಇದೆ, ಆದರೆ ದಿನಕ್ಕೆ ಕೆಲವೇ ಸಲ, ಭಾನುವಾರ ಇನ್ನೂ ಕಡಿಮೆ. ಫೋಜೇರ್, ಮಿನರ್ವುವಾ ಹಳ್ಳಿಗಳಿಗೆ ಕಾರು ಅಥವಾ ಚಾಲಕನಿರುವ ಪ್ರವಾಸ ವಾಹನ ಬೇಕು.

ಕಾಲುವೆ ದಂಡೆಗೆ ಸೈಕಲ್ ಸಾಕು. ಫೋನ್ಸೆರಾನ್‌ನಿಂದ ಪಶ್ಚಿಮಕ್ಕೆ ಸುಮಾರು 54 ಕಿಲೋಮೀಟರ್ ದೂರ ಒಂದೂ ಲಾಕ್ ಇಲ್ಲ, ಕಾಲುವೆ ಬೆಟ್ಟದ ಮೈಯನ್ನು ಅನುಸರಿಸಿ ಒಂದೇ ಮಟ್ಟದಲ್ಲಿ ಬಳುಕುತ್ತ ಹೋಗುತ್ತದೆ. ಕೊಲೊಂಬಿಯೆ ದಾಟಿದ ಮೇಲೆ ಮಾಲ್‌ಪಾ ಸುರಂಗ. 1679ರಲ್ಲಿ ಕೊರೆದ, ಸುಮಾರು 165 ಮೀಟರ್ ಉದ್ದದ ಇದು ದೋಣಿ ಸಾಗಲೆಂದು ಯುರೋಪಿನಲ್ಲಿ ಮೊದಲು ಕೊರೆದ ಸುರಂಗ. ಮೇಲಿನ ಗುಡ್ಡದಲ್ಲಿ ಆಂಸೆರೂನ್ ಎಂಬ ರೋಮನ್ನರಿಗಿಂತ ಹಳೆಯ ಊರಿನ ಅವಶೇಷಗಳಿವೆ. ಅಲ್ಲಿಂದ ಕೆಳಗೆ ನೋಡಿದರೆ ಹದಿಮೂರನೆಯ ಶತಮಾನದಲ್ಲಿ ನೀರು ಬಸಿದು ಹೊಲ ಮಾಡಿದ ಮೊಂತಾದಿ ಕೆರೆ ಕಾಣುತ್ತದೆ: ಹೊಲಗಳೆಲ್ಲ ನಡುವಿನ ಒಂದೇ ಬಿಂದುವಿನಿಂದ ಕಿರಣಗಳಂತೆ ಹರಡಿವೆ. ಶಕ್ತಿಯಿದ್ದವರು ಕಾಪೆಸ್ತಾಂವರೆಗೆ ತುಳಿಯಿರಿ.

ರುಚಿ ನೋಡಿ ಕಾರು ಓಡಿಸಬಹುದೇ?

ಬೇಡ. ಫ್ರಾನ್ಸಿನಲ್ಲಿ ಮಿತಿ ಒಂದು ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್, ಹೊಸ ಚಾಲಕರಿಗೆ 0.2. ಸೈಕಲ್ ಸವಾರರಿಗೂ ದಂಡ ಬೀಳುತ್ತದೆ. ಬೆಟ್ಟದ ರಸ್ತೆಗಳು ಕಿರಿದು, ತಿರುವು ಹೆಚ್ಚು. ಗುಂಪಿನಲ್ಲಿ ಒಬ್ಬರು ಆ ದಿನ ಕುಡಿಯುವುದಿಲ್ಲ ಎಂದು ಬೆಳಿಗ್ಗೆಯೇ ನಿರ್ಧರಿಸಿಕೊಳ್ಳಿ, ಇಲ್ಲವೇ ಚಾಲಕನನ್ನು ಗೊತ್ತುಮಾಡಿ.

ವೈನರಿಯಲ್ಲಿ ಹೇಗೆ ನಡೆದುಕೊಳ್ಳಬೇಕು?

ಮೊದಲು ಫೋನ್ ಅಥವಾ ಇಮೇಲ್ ಮಾಡಿ ಸಮಯ ಕೇಳಿ. ಬಹುತೇಕ ತೋಟಗಳು ಒಂದು ಕುಟುಂಬ ನಡೆಸುವಂಥವು, ಬಾಗಿಲು ತೆರೆಯಬೇಕಾದವರು ಬಳ್ಳಿ ಸವರುತ್ತ ಹೊಲದಲ್ಲಿರುತ್ತಾರೆ. ಹನ್ನೆರಡರಿಂದ ಎರಡರವರೆಗೆ ಊಟದ ಹೊತ್ತು, ಆಗ ಹೋಗಿ ಬಾಗಿಲು ತಟ್ಟಬಾರದು. ಭಾನುವಾರ ಅನೇಕ ಕಡೆ ಮುಚ್ಚಿರುತ್ತದೆ. ಒಳಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಹೇಳಿ, ಆಮೇಲೆ ಉಳಿದ ಮಾತು.

ವೈನ್ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಉಗುಳುವುದು ಇಲ್ಲಿ ಅಗೌರವವಲ್ಲ, ಶ್ರದ್ಧೆಯಿಂದ ರುಚಿ ನೋಡುವವರ ಪದ್ಧತಿ. ಉಗುಳದಿದ್ದರೆ ನಾಲ್ಕನೆಯ ಲೋಟದ ಹೊತ್ತಿಗೆ ನಾಲಿಗೆ ಏನನ್ನೂ ಹೇಳುವುದಿಲ್ಲ. ಸುಗಂಧ ದ್ರವ್ಯ ಬಳಿದುಕೊಂಡು ಹೋಗಬೇಡಿ. ದಿನಕ್ಕೆ ಎರಡು ವೈನರಿ ಸಾಕು, ಮೂರು ಹೆಚ್ಚು.

ಸಣ್ಣ ತೋಟಗಳಲ್ಲಿ ರುಚಿ ನೋಡಲು ಹಣ ಕೇಳದಿರುವುದು ಇನ್ನೂ ಸಾಮಾನ್ಯ. ಹಾಗೆ ಒಬ್ಬರು ತಮ್ಮ ಒಂದು ಗಂಟೆಯನ್ನು ನಿಮಗೆ ಕೊಟ್ಟರೆ ಒಂದೆರಡು ಬಾಟಲಿಯಾದರೂ ಕೊಳ್ಳಿ. ಹತ್ತು ಹದಿನೈದು ಯೂರೋಗೆ ತುಂಬ ಒಳ್ಳೆಯ ವೈನ್ ಸಿಗುವ ಸೀಮೆ ಇದು.

ಲೇಬಲ್‌ನಲ್ಲಿ ಏನು ನೋಡಬೇಕು?

ಎಒಸಿ ಅಥವಾ ಎಒಪಿ ಎಂದಿದ್ದರೆ ಆ ಸೀಮೆಯ ಗಡಿ, ತಳಿ, ಇಳುವರಿಯ ನಿಯಮಕ್ಕೆ ಬದ್ಧವಾದ ವೈನ್. ಐಜಿಪಿ ಎಂದಿದ್ದರೆ ನಿಯಮ ಸಡಿಲ, ಪ್ರದೇಶ ವಿಶಾಲ. ಐಜಿಪಿ ಎಂದರೆ ಕಳಪೆ ಎಂದು ತಿಳಿಯಬೇಡಿ. ನಿಯಮದ ಆಚೆಗಿನ ತಳಿ ಬೆಳೆಸಲು ಬಯಸುವ ಒಳ್ಳೆಯ ರೈತರೂ ಅದನ್ನೇ ಆರಿಸಿಕೊಳ್ಳುತ್ತಾರೆ. ಬಾಟಲಿಯ ಮುಚ್ಚಳದ ಮೇಲೆ ಪೀಪಾಯಿ ಹೊತ್ತು ನಡೆಯುವ ಮನುಷ್ಯನ ಗುರುತು ಇದ್ದರೆ, ಅದು ತನ್ನದೇ ದ್ರಾಕ್ಷಿ ಬೆಳೆದು ತಾನೇ ವೈನ್ ಮಾಡುವ ಸ್ವತಂತ್ರ ಬೆಳೆಗಾರನದು.

ದೋಣಿ ಬಾಡಿಗೆಗೆ ಪಡೆಯಲು ಪರವಾನಗಿ ಬೇಕೇ?

ಬೇಡ. ಬಾಡಿಗೆ ಕಂಪನಿಯವರು ಓಡಿಸುವುದನ್ನು ಕಲಿಸಿ ತಾತ್ಕಾಲಿಕ ಚೀಟಿ ಕೊಡುತ್ತಾರೆ. ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ಚಳಿಗಾಲದಲ್ಲಿ ದುರಸ್ತಿಗಾಗಿ ಕಾಲುವೆ ಮುಚ್ಚುವುದರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಯೋಚಿಸಿ. ವೈನರಿಗಳನ್ನೇ ಮುಖ್ಯವಾಗಿ ನೋಡುವವರಿಗೆ ವಾರದ ದೋಣಿಗಿಂತ ಒಂದು ಮಧ್ಯಾಹ್ನದ ಸವಾರಿ ಸಾಕು.

ದಂಡೆಯ ಮರಗಳನ್ನೆಲ್ಲ ಕಡಿದಿದ್ದಾರಂತೆ, ನಿಜವೇ?

ಬಹಳಷ್ಟು ಕಡೆ ನಿಜ. ಕಾಲುವೆಯ ಇಕ್ಕೆಲದಲ್ಲಿ ಸುಮಾರು 42,000 ಪ್ಲೇನ್ ಎಂಬ ಜಾತಿಯ ನೆರಳಿನ ಮರಗಳಿದ್ದವು. 2006ರಲ್ಲಿ ಇಲ್ಲಿ ಪತ್ತೆಯಾದ ಒಂದು ಶಿಲೀಂಧ್ರ ರೋಗ ಮರಗಳನ್ನು ಕೆಲವೇ ವರ್ಷಗಳಲ್ಲಿ ಒಣಗಿಸುತ್ತದೆ, ಅದಕ್ಕೆ ಮದ್ದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮದ್ದುಗುಂಡಿನ ಮರದ ಪೆಟ್ಟಿಗೆಗಳೊಡನೆ ಈ ರೋಗ ಫ್ರಾನ್ಸಿಗೆ ಬಂದಿತೆಂದು ಹೇಳುತ್ತಾರೆ. ಸೋಂಕು ತಗುಲಿದ ಮರವನ್ನೂ ಅದರ ನೆರೆಯ ಮರಗಳನ್ನೂ ಕಡಿದು ಸುಡಲೇಬೇಕಾಯಿತು. ಬೇರೆ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ, ಅವು ನೆರಳು ಕೊಡಲು ಕಾಲ ಬೇಕು. ಆದ್ದರಿಂದ ಸೈಕಲ್ ಹೊರಡುವಾಗ ಟೋಪಿ, ನೀರು ಮರೆಯಬೇಡಿ. ಉಳಿದಿರುವ ಮರಗಳ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಹಳ್ಳಿಯ ಹೋಟೆಲುಗಳಲ್ಲಿ ಆಯ್ಕೆ ಕಡಿಮೆ, ಮುಂಚೆ ಹೇಳಿದರೆ ಮಾಡಿಕೊಡುತ್ತಾರೆ. ನನ್ನ ಸಲಹೆ ಬೆಝಿಯೆಯ ಹಳೆಯ ಮುಚ್ಚು ಮಾರುಕಟ್ಟೆ ಲೆ ಆಲ್‌ಗೆ ಬೆಳಿಗ್ಗೆ ಹೋಗಿ ಬ್ರೆಡ್, ಪೆಲಾರ್ದೋಂ ಎಂಬ ಮೇಕೆ ಹಾಲಿನ ಚೀಸ್, ಹಸಿರು ಲ್ಯೂಕ್ ಆಲಿವ್, ಹಣ್ಣು ಕಟ್ಟಿಸಿಕೊಂಡು ಕಾಲುವೆ ದಂಡೆಯಲ್ಲಿ ಕೂತು ಉಣ್ಣುವುದು. ಪೆಝೆನಾಸ್‌ನಲ್ಲಿ ಸಿಗುವ, ದಾರದ ರೀಲಿನಂತೆ ಕಾಣುವ ಸಣ್ಣ ಸಿಹಿ ಕಡುಬಿನ ಒಳಗೆ ಕುರಿಮಾಂಸ ಇರುತ್ತದೆ, ಎಚ್ಚರ. 1768ರಲ್ಲಿ ಅಲ್ಲಿ ತಂಗಿದ್ದ ರಾಬರ್ಟ್ ಕ್ಲೈವ್‌ನ ಅಡುಗೆಯವರಿಂದ ಅದು ಬಂದಿತೆಂದು ಊರವರು ಹೇಳುತ್ತಾರೆ.

ವೈನ್ ಕುಡಿಯದವರು, ಮಕ್ಕಳು ಜೊತೆಗಿದ್ದರೆ?

ಧಾರಾಳವಾಗಿ ಬನ್ನಿ. ಅನೇಕ ತೋಟಗಳು ಸ್ವಂತ ದ್ರಾಕ್ಷಿ ರಸವನ್ನೂ ಮಾಡುತ್ತವೆ. ಲಾಕ್‌ನಲ್ಲಿ ದೋಣಿ ಏರುವುದನ್ನು ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ. ಹದಿನೆಂಟು ತುಂಬದವರಿಗೆ ಮದ್ಯ ಮಾರುವಂತಿಲ್ಲ.

ಒಟ್ಟು ಎಷ್ಟು ದಿನ ಬೇಕು?

ಐದು ರಾತ್ರಿ. ಊರಿಗೂ ಕಾಲುವೆಗೂ ಎರಡು ದಿನ, ವೈನ್ ಸೀಮೆಗಳಿಗೆ ಮೂರು. ಎರಡೇ ರಾತ್ರಿ ಇದ್ದರೆ ಫೋನ್ಸೆರಾನ್, ಫೋಜೇರ್ ಎರಡನ್ನು ಮಾತ್ರ ಇಟ್ಟುಕೊಳ್ಳಿ, ಉಳಿದುದನ್ನು ಬಿಡಿ.

ಬಾಟಲಿಗಳನ್ನು ಮನೆಗೆ ತರುವುದು ಹೇಗೆ?

ವಿಮಾನದ ಕೈಚೀಲದಲ್ಲಿ ಒಯ್ಯಲಾಗದು, ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಬೇಕು. ಭಾರತಕ್ಕೆ ಸುಂಕವಿಲ್ಲದೆ ಒಬ್ಬರು ತರಬಹುದಾದ ಮದ್ಯ 2 ಲೀಟರ್, ಅಂದರೆ ಸಾಮಾನ್ಯ ಅಳತೆಯ ಎರಡು ಬಾಟಲಿ. ಎರಡೇ ಎಂದಾಗ ಆಯ್ಕೆ ಕಷ್ಟ. ಊರಿನ ಅಂಗಡಿಗಳಲ್ಲೂ ರಫ್ತಾಗಿಯೂ ಸಿಗುವ ದೊಡ್ಡ ಕಂಪನಿಗಳ ವೈನನ್ನು ಬಿಟ್ಟು, ಮಾಡಿದವರ ಕೈಯಿಂದಲೇ ಕೊಂಡ ಫೋಜೇರ್ ಅಥವಾ ಸೆಂ-ಶಿನಿಯಾಂ ಕೆಂಪನ್ನು ತನ್ನಿ. ಪಿಕ್‌ಪೂಲ್ ಎಳೆಯದಾಗಿಯೇ ಚೆನ್ನ, ಅದನ್ನು ಅಲ್ಲೇ ಕುಡಿದು ಮುಗಿಸಿ.